ಹಲವು ಮಷೀನು, ಒಂದೇ ಟೆಸ್ಟ್: ಜೆಂಕಿನ್ಸ್‌ನಲ್ಲಿ ಸ್ವಯಂಚಾಲಿತ ಪರೀಕ್ಷೆ ಹೊಂದಿಸುವ ಕ್ರಮ

“ಟೆಸ್ಟ್ ನನ್ನ ಸಿಸ್ಟಮ್ಮಿನಲ್ಲಿ ಪಾಸಾಗುತ್ತೆ, ಬಿಲ್ಡ್ ಮಷೀನಿನಲ್ಲಿ ಫೇಲಾಗುತ್ತೆ, ಅದೇ ಟೆಸ್ಟನ್ನು ಪಕ್ಕದ ಬಿಲ್ಡ್ ಮಷೀನಿಗೆ ಹಾಕಿದರೆ ಮತ್ತೆ ಪಾಸಾಗುತ್ತೆ. ಏನು ಮಾಡೋದು?” ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಸಣ್ಣ ಕಂಪನಿಗಳವರೂ ಮಂಡ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ತಿರುಗಿ ತಿರುಗಿ ಕೇಳುವ ಪ್ರಶ್ನೆ ಇದು. ಟೆಸ್ಟ್ ಯಾವ ಮಷೀನಿನಲ್ಲಿ ಓಡಿತು ಎಂಬುದು ನಿಮಗೆ ಗೊತ್ತಿರಬೇಕು, ಸ್ಕ್ರಿಪ್ಟಿಗೆ ಗೊತ್ತಿರಬಾರದು. ಕೆಳಗಿನ ಹಂತಗಳೆಲ್ಲ ಇಷ್ಟನ್ನು ಸಾಧಿಸುವುದಕ್ಕೇ. ಜೆಂಕಿನ್ಸ್ ಎಂದರೆ ಕೋಡಿನಿಂದ ತಂತ್ರಾಂಶವನ್ನು ತಾನಾಗಿ ಕಟ್ಟಿ (ಇದೇ ಬಿಲ್ಡ್), ಅದರ ಟೆಸ್ಟುಗಳನ್ನು ಬೇರೆ ಬೇರೆ ಮಷೀನುಗಳಲ್ಲಿ ಓಡಿಸುವ ತಂತ್ರಾಂಶ.

ಉದಾಹರಣೆಗೆ ಹಾಲು ಉತ್ಪಾದಕರ ಸಂಘದ ಲೆಕ್ಕದ ತಂತ್ರಾಂಶವೊಂದನ್ನು ಇಟ್ಟುಕೊಳ್ಳೋಣ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಹಾಲಿನ ಅಳತೆ ಮತ್ತು ಫ್ಯಾಟ್ ದಾಖಲಿಸಿಕೊಂಡು ಕನ್ನಡದಲ್ಲಿ ಚೀಟಿ ಮುದ್ರಿಸುವ ತಂತ್ರಾಂಶ. ಬರೆದದ್ದು ಪೈಥಾನ್‌ನಲ್ಲಿ, ಪರೀಕ್ಷೆಗೆ ಪೈಟೆಸ್ಟ್, ಬ್ರೌಸರ್ ಪರದೆಗಳ ಪರೀಕ್ಷೆಗೆ ಸೆಲೆನಿಯಮ್. ನಿಮ್ಮದು ಜಾವಾ ಆಗಿದ್ದರೂ ಮುಕ್ಕಾಲು ಪಾಲು ಹಾಗೆಯೇ ಅನ್ವಯಿಸುತ್ತದೆ. ಆದೇಶಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಕೊಡಿ.

ಏನೇನು ಬೇಕು

ಜೆಂಕಿನ್ಸ್‌ನಲ್ಲಿ ಕೆಲಸ ಹಂಚುವ ಮುಖ್ಯ ಮಷೀನಿಗೆ ಕಂಟ್ರೋಲರ್ ಎಂದೂ ಕೆಲಸ ಮಾಡುವ ಮಷೀನುಗಳಿಗೆ ಏಜೆಂಟ್ ಎಂದೂ ಹೆಸರು. ಹಳೆಯ ಲೇಖನಗಳಲ್ಲಿ ಮಾಸ್ಟರ್, ಸ್ಲೇವ್ ಎಂದು ಕಂಡರೆ ಇವೇ ಎಂದು ತಿಳಿಯಿರಿ. ಸಣ್ಣ ತಂಡದ ಕಂಟ್ರೋಲರಿಗೆ 4 ಜಿಬಿ ರ‍್ಯಾಮ್, 50 ಜಿಬಿ ಡಿಸ್ಕ್ ಸಾಕು. ಏಜೆಂಟುಗಳಿಗೆ 8 ಜಿಬಿ ಇರಲಿ. ಬ್ರೌಸರ್ ಟೆಸ್ಟ್ ಇದ್ದರೆ ಅದಕ್ಕಿಂತ ಕಡಿಮೆಯಾದರೆ ಕಷ್ಟ. ಇಲ್ಲಿ ನಾಲ್ಕು ಮಷೀನು ಎಂದುಕೊಳ್ಳೋಣ: ಒಂದು ಕಂಟ್ರೋಲರ್, ಎರಡು ಉಬುಂಟು ಏಜೆಂಟ್, ಒಂದು ವಿಂಡೋಸ್ ಏಜೆಂಟ್. ಎಲ್ಲದರಲ್ಲೂ ಒಂದೇ ದೊಡ್ಡ ಆವೃತ್ತಿಯ ಜಾವಾ ಇರಬೇಕು. ಈಗ ಹೊಸದಾಗಿ ಶುರುಮಾಡುವವರು ಜಾವಾ 21 ಹಾಕಿಕೊಳ್ಳಿ. ಕಂಟ್ರೋಲರಿನಲ್ಲಿ ಒಂದು, ಏಜೆಂಟಿನಲ್ಲಿ ಇನ್ನೊಂದು ಬೇಡ.

ಹಂತ 1: ಮಷೀನಿನ ಜಾತಕ ಬರೆಸಿ

ಜೆಂಕಿನ್ಸ್ ಮುಟ್ಟುವ ಮೊದಲೇ ಈ ಕೆಲಸ ಆಗಬೇಕು. ಹತ್ತಿಪ್ಪತ್ತು ಸಾಲಿನ ಪೈಥಾನ್ ಸ್ಕ್ರಿಪ್ಟ್ ಒಂದನ್ನು ಬರೆದು ಪ್ರಾಜೆಕ್ಟಿನ ರೆಪೊಸಿಟರಿಯಲ್ಲೇ, ಅಂದರೆ ಕೋಡಿನ ಬದಲಾವಣೆ ದಾಖಲಿಸುವ ಗಿಟ್ ಟೂಲಿನ ಸಂಗ್ರಹದಲ್ಲೇ ಇಡಿ. ಅದು ಒಂದೊಂದು ಸಾಲಿನಲ್ಲಿ ಇವನ್ನು ಮುದ್ರಿಸಲಿ: ಆಪರೇಟಿಂಗ್ ಸಿಸ್ಟಮ್ ಮತ್ತು ಆವೃತ್ತಿ, ಪೈಥಾನ್ ಆವೃತ್ತಿ ಮತ್ತು ಅದು ಇರುವ ಪೂರ್ಣ ಪಾತ್, ಕ್ರೋಮ್ ಆವೃತ್ತಿ, ಲೊಕೇಲ್, ಟೈಮ್‌ಝೋನ್, ಈಗಿನ ಸಮಯ, ಖಾಲಿ ಡಿಸ್ಕ್, ರ‍್ಯಾಮ್, ಕನ್ನಡ ಫಾಂಟುಗಳ ಪಟ್ಟಿ, ಪಿಪ್ ಫ್ರೀಝ್ ಕೊಡುವ ಲೈಬ್ರರಿ ಪಟ್ಟಿ. ಲೊಕೇಲ್ ಎಂದರೆ ಭಾಷೆ, ಅಕ್ಷರ ಸಂಕೇತ, ವಿಂಗಡಣೆಯ ಕ್ರಮ ಇವನ್ನು ಸಿಸ್ಟಮ್ಮಿಗೆ ತಿಳಿಸುವ ಸೆಟ್ಟಿಂಗ್.

ಎರಡು ಏಜೆಂಟುಗಳ ಜಾತಕವನ್ನು ಪಕ್ಕಪಕ್ಕ ಇಟ್ಟು ಡಿಫ್ ಮಾಡಿ, ಅಂದರೆ ಸಾಲು ಸಾಲಾಗಿ ಹೋಲಿಸಿ. ಕೂಡದ ಜಾಗಗಳು ಅಲ್ಲೇ ಎದ್ದು ಕಾಣುತ್ತವೆ. ಮಾಮೂಲಾಗಿ ಸಿಗುವುದು: ಒಂದರಲ್ಲಿ ಉಬುಂಟು 22.04, ಇನ್ನೊಂದರಲ್ಲಿ 24.04. ಮೊದಲನೆಯದರ ಜೊತೆ ಬರುವುದು ಪೈಥಾನ್ 3.10, ಎರಡನೆಯದರ ಜೊತೆ 3.12. ಡಿಸ್ಟ್‌ಯುಟಿಲ್ಸ್ ಎಂಬ ಹಳೆಯ ಮಾಡ್ಯೂಲನ್ನು 3.12ರಲ್ಲಿ ತೆಗೆದುಹಾಕಿದ್ದಾರೆ, ಅದನ್ನು ನೆಚ್ಚಿಕೊಂಡ ಲೈಬ್ರರಿ ಒಂದೇ ಒಂದಿದ್ದರೂ ಹೊಸ ಮಷೀನಿನಲ್ಲಿ ಇಂಪೋರ್ಟ್ ಸಾಲಿನಲ್ಲೇ ಬೀಳುತ್ತದೆ. ಎರಡಕ್ಕೂ ಒಂದೇ ಉಬುಂಟು ಹಾಕುವುದು ಸುಲಭದ ದಾರಿ. “ಆಮೇಲೆ ನೋಡೋಣ” ಎಂದು ಬಿಟ್ಟರೆ ಆಮೇಲೆ ನೋಡುವುದು ಅದೊಂದನ್ನೇ.

ಹಂತ 2: ಮಷೀನು ನಿದ್ದೆ ಹೋಗದಂತೆ ನೋಡಿಕೊಳ್ಳಿ

ಡೆಸ್ಕ್‌ಟಾಪುಗಳನ್ನೇ ಏಜೆಂಟ್ ಮಾಡುವವರು ಮರೆಯುವ ನಾಲ್ಕು ವಿಷಯ ಇಲ್ಲಿವೆ. ಉಬುಂಟುವಿನಲ್ಲಿ ಸಸ್ಪೆಂಡ್, ವಿಂಡೋಸಿನಲ್ಲಿ ಸ್ಲೀಪ್ ಪೂರ್ತಿ ಆಫ್ ಮಾಡಿ. ಬಯೋಸ್ ಒಳಗೆ ಕರೆಂಟ್ ವಾಪಸ್ ಬಂದಾಗ ಏನು ಮಾಡಬೇಕು ಎಂಬ ಆಯ್ಕೆ ಇರುತ್ತದೆ. ಅದನ್ನು ‘ಪವರ್ ಆನ್’ ಮಾಡಿ, ಇಲ್ಲದಿದ್ದರೆ ರಾತ್ರಿ ಕರೆಂಟ್ ಹೋಗಿಬಂದ ಮೇಲೆ ಬೆಳಿಗ್ಗೆ ಯಾರಾದರೂ ಬಂದು ಗುಂಡಿ ಒತ್ತುವವರೆಗೆ ಸರದಿ ನಿಂತೇ ಇರುತ್ತದೆ. ರೂಟರಿನಲ್ಲಿ ಪ್ರತಿ ಏಜೆಂಟಿಗೂ ಐಪಿ ವಿಳಾಸ ಕಾಯ್ದಿರಿಸಿ. ಕಂಟ್ರೋಲರಿಗೂ ರೂಟರಿಗೂ ಯುಪಿಎಸ್ ಇರಲಿ. ಏಜೆಂಟ್ ಸತ್ತರೆ ಆ ಬಿಲ್ಡನ್ನು ಇನ್ನೊಮ್ಮೆ ಓಡಿಸಬಹುದು, ಬರೆಯುತ್ತಿರುವಾಗಲೇ ಕಂಟ್ರೋಲರ್ ಸತ್ತರೆ ಸೆಟ್ಟಿಂಗ್ ಫೈಲುಗಳೇ ಹಾಳಾಗಬಹುದು.

ಹಂತ 3: ಲಿನಕ್ಸ್ ಏಜೆಂಟ್ ಜೋಡಿಸಿ

ಎರಡೂ ಉಬುಂಟು ಮಷೀನುಗಳಲ್ಲಿ ‘ಜೆಂಕಿನ್ಸ್’ ಹೆಸರಿನ ಬಳಕೆದಾರನನ್ನು ಮಾಡಿ. ಅವನಿಗೆ ಸೂಡೊ (ಆಡಳಿತಗಾರನ) ಹಕ್ಕು ಕೊಡಬೇಡಿ. ಕಂಟ್ರೋಲರ್ ಏಜೆಂಟಿಗೆ ಲಾಗಿನ್ ಆಗುವುದು ಎಸ್‌ಎಸ್‌ಎಚ್ ಎಂಬ ಸುರಕ್ಷಿತ ದಾರಿಯಲ್ಲಿ. ಅದಕ್ಕಾಗಿ ಕಂಟ್ರೋಲರಿನಲ್ಲಿ ಎಸ್‌ಎಸ್‌ಎಚ್-ಕೀಜೆನ್ ಬಳಸಿ ಇಡಿ25519 ಬಗೆಯ ಕೀಲಿ ಜೋಡಿ ತಯಾರಿಸಿ. ಸಾರ್ವಜನಿಕ ಕೀಲಿಯನ್ನು ಎರಡೂ ಏಜೆಂಟುಗಳ ‘ಆಥರೈಸ್ಡ್ ಕೀಸ್’ ಫೈಲಿಗೆ ಸೇರಿಸಿ, ಖಾಸಗಿ ಕೀಲಿಯನ್ನು ಜೆಂಕಿನ್ಸಿನ ಕ್ರೆಡೆನ್ಶಿಯಲ್ಸ್ ಪುಟದಲ್ಲಿ ಇಡಿ. ನಂತರ ‘ಮ್ಯಾನೇಜ್ ಜೆಂಕಿನ್ಸ್’, ‘ನೋಡ್ಸ್’, ‘ನ್ಯೂ ನೋಡ್’ ಹಾದಿಯಲ್ಲಿ ಹೋಗಿ ‘ಪರ್ಮನೆಂಟ್ ಏಜೆಂಟ್’ ಆರಿಸಿ. ರಿಮೋಟ್ ರೂಟ್ ಡೈರೆಕ್ಟರಿ ಎರಡೂ ಲಿನಕ್ಸ್ ಮಷೀನುಗಳಲ್ಲಿ ಅಕ್ಷರಶಃ ಒಂದೇ ಇರಲಿ.

ಮೊದಲ ಬಾರಿ ಜೋಡಿಸುವಾಗ ‘ನೋನ್ ಹೋಸ್ಟ್ಸ್’ ಫೈಲಿನಲ್ಲಿ ಈ ಹೋಸ್ಟಿನ ಹೆಸರಿಲ್ಲ ಎಂಬ ದೂರು ಬರುತ್ತದೆ. ಎದುರಿನ ಮಷೀನು ತಾನು ಹೇಳಿಕೊಳ್ಳುವ ಮಷೀನೇ ಹೌದೇ ಎಂದು ಜೆಂಕಿನ್ಸ್ ಖಾತ್ರಿ ಮಾಡಿಕೊಳ್ಳುತ್ತಿದೆ, ಅಷ್ಟೆ. ಬಹಳ ಜನ ಇಲ್ಲಿ ತಾಳ್ಮೆಗೆಟ್ಟು ‘ನಾನ್ ವೆರಿಫೈಯಿಂಗ್’ ಆರಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಕಂಟ್ರೋಲರಿನಲ್ಲಿ ಜೆಂಕಿನ್ಸ್ ಬಳಕೆದಾರನಾಗಿ ಒಮ್ಮೆ ಆ ಏಜೆಂಟಿಗೆ ಎಸ್‌ಎಸ್‌ಎಚ್ ಮಾಡಿ, ತೋರಿಸುವ ಬೆರಳಚ್ಚನ್ನು (ಫಿಂಗರ್‌ಪ್ರಿಂಟ್, ಅಂದರೆ ಕೀಲಿಯ ಗುರುತು) ಏಜೆಂಟಿನ ಬೆರಳಚ್ಚಿನ ಜೊತೆ ತಾಳೆ ನೋಡಿ ಒಪ್ಪಿಕೊಳ್ಳಿ. ಎರಡು ನಿಮಿಷದ ಕೆಲಸ.

ಇನ್ನೊಂದು ಹೊಂಡ ಇದಕ್ಕಿಂತ ಆಳ. ಟರ್ಮಿನಲ್ಲಿನಲ್ಲಿ ಸಿಗುವ ಟೂಲ್ ಜೆಂಕಿನ್ಸಿನಲ್ಲಿ ‘ಕಮಾಂಡ್ ನಾಟ್ ಫೌಂಡ್’ ಆಗುತ್ತದೆ. ಕಾರಣ, ಆದೇಶ ಓಡಿಸುವ ಶೆಲ್ ಶುರುವಾಗುವಾಗ ಓದುವ ಬ್ಯಾಷ್‌ಆರ್‌ಸಿ ಫೈಲು. ಉಬುಂಟುವಿನಲ್ಲಿ ಆ ಫೈಲಿನ ಆರಂಭದಲ್ಲೇ, ಎದುರಿಗೆ ಮನುಷ್ಯ ಕೂತಿಲ್ಲದ ಶೆಲ್ ಆದರೆ ಇಲ್ಲಿಂದಲೇ ಹಿಂತಿರುಗು ಎಂಬ ಸಾಲುಗಳಿವೆ. ನೀವು ಪಾತ್, ಅಂದರೆ ಟೂಲುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ, ಸೇರಿಸಿದ್ದು ಕೊನೆಯ ಸಾಲಿನಲ್ಲಿ. ಜೆಂಕಿನ್ಸ್ ಅಲ್ಲಿಯವರೆಗೆ ಬರುವುದೇ ಇಲ್ಲ. ಪಾತನ್ನು ನೋಡ್ ಪುಟದ ‘ಎನ್ವಿರಾನ್ಮೆಂಟ್ ವೇರಿಯಬಲ್ಸ್’ ಜಾಗದಲ್ಲಿ ಕೊಡಿ, ಅಥವಾ ಸ್ಕ್ರಿಪ್ಟಿನಲ್ಲಿ ಪೂರ್ಣ ಪಾತ್ ಬಳಸಿ. ಏಜೆಂಟ್ ಶುರುವಾದಾಗ ಇದ್ದ ಪರಿಸರವನ್ನೇ ಹಿಡಿದುಕೊಂಡಿರುತ್ತದೆ. ಹಾಗಾಗಿ ಮಷೀನಿನಲ್ಲಿ ಏನೇ ಬದಲಿಸಿದರೂ ಏಜೆಂಟನ್ನು ಕಡಿದು ಮತ್ತೆ ಜೋಡಿಸಿ.

ಹಂತ 4: ವಿಂಡೋಸ್ ಏಜೆಂಟ್

ವಿಂಡೋಸಿನಲ್ಲಿ ಏಜೆಂಟೇ ಕಂಟ್ರೋಲರನ್ನು ಕರೆಯುವ ‘ಇನ್‌ಬೌಂಡ್’ ವಿಧಾನ ಸಲೀಸು. ವೆಬ್‌ಸಾಕೆಟ್ ಆಯ್ಕೆಗೆ ಗುರುತು ಹಾಕಿದರೆ 50000ದಂಥ ಪ್ರತ್ಯೇಕ ಪೋರ್ಟ್ ತೆರೆಯಬೇಕಾಗಿಲ್ಲ, ಜೆಂಕಿನ್ಸಿನ ವೆಬ್ ಪೋರ್ಟಿನಲ್ಲೇ ಎಲ್ಲ ಆಗುತ್ತದೆ.

ಏಜೆಂಟನ್ನು ವಿಂಡೋಸ್ ಸರ್ವಿಸ್ ಆಗಿ ಓಡಿಸಿದರೆ ಅದಕ್ಕೆ ಕಾಣುವ ಡೆಸ್ಕ್‌ಟಾಪ್ ಇರುವುದಿಲ್ಲ. ಸರ್ವಿಸ್‌ಗಳು ‘ಸೆಷನ್ 0’ ಎಂಬ ಬೇರೆಯದೇ ಕೋಣೆಯಲ್ಲಿ ಓಡುತ್ತವೆ. ಯೂನಿಟ್ ಟೆಸ್ಟಿಗೆ ತೊಂದರೆಯಿಲ್ಲ. ಕಿಟಕಿ ತೆರೆದು ಗುಂಡಿ ಒತ್ತುವ ಟೆಸ್ಟುಗಳು ಮಾತ್ರ ಒದ್ದಾಡುತ್ತವೆ. ಬ್ರೌಸರನ್ನು ಹೆಡ್‌ಲೆಸ್, ಅಂದರೆ ಪರದೆಯಿಲ್ಲದ ರೀತಿಯಲ್ಲಿ ಓಡಿಸಿ. ಡೆಸ್ಕ್‌ಟಾಪ್ ಅಪ್ಲಿಕೇಶನ್ನೇ ಪರೀಕ್ಷಿಸಬೇಕಾದರೆ ಸರ್ವಿಸ್ ಬಿಟ್ಟು, ಲಾಗಿನ್ ಆದಕೂಡಲೇ ಟಾಸ್ಕ್ ಶೆಡ್ಯೂಲರ್ ಏಜೆಂಟನ್ನು ಎಬ್ಬಿಸುವಂತೆ ಮಾಡಿ. ಆ ಮಷೀನಿಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹೋಗಿ ಹಾಗೇ ಮುಚ್ಚಿ ಬಂದರೆ ಪರದೆ ಲಾಕ್ ಆಗಿ ಆ ರಾತ್ರಿಯ ಟೆಸ್ಟೆಲ್ಲ ಕೆಂಪಾಗುತ್ತವೆ.

ಕೆಲಸದ ಫೋಲ್ಡರಿಗೆ ಸಿ ಡ್ರೈವಿನ ಬುಡದಲ್ಲೇ ಒಂದಕ್ಷರದ ಹೆಸರಿಡಿ. ಹಳೆಯ 260 ಅಕ್ಷರಗಳ ಪಾತ್ ಮಿತಿಗೆ ಬಡಿದುಕೊಳ್ಳುವ ಟೂಲುಗಳು ಇನ್ನೂ ಇವೆ.

ಹಂತ 5: ಲೇಬಲ್, ಎಕ್ಸಿಕ್ಯೂಟರ್

ಲೇಬಲ್ ಎಂದರೆ ಮಷೀನಿನಲ್ಲಿ ಏನಿದೆ ಎಂದು ಹೇಳುವ ಚೀಟಿ: ‘ಲಿನಕ್ಸ್’, ‘ವಿಂಡೋಸ್’, ‘ಕ್ರೋಮ್’. ಪೈಪ್‌ಲೈನಿನಲ್ಲಿ (ಜೆಂಕಿನ್ಸ್ ಮಾಡಬೇಕಾದ ಕೆಲಸಗಳ ಕ್ರಮ ಬರೆದ ಸ್ಕ್ರಿಪ್ಟಿನಲ್ಲಿ) ಲೇಬಲನ್ನೇ ಕೇಳಿ, ಮಷೀನಿನ ಹೆಸರನ್ನು ಎಂದೂ ಬರೆಯಬೇಡಿ. ಹೆಸರು ಬರೆದರೆ ಆ ಮಷೀನು ರಿಪೇರಿಗೆ ಹೋದ ದಿನ ಕೆಲಸ ನಿಲ್ಲುತ್ತದೆ.

ಎಕ್ಸಿಕ್ಯೂಟರ್ ಎಂದರೆ ಒಂದು ಮಷೀನು ಏಕಕಾಲಕ್ಕೆ ಎಷ್ಟು ಕೆಲಸ ಹಿಡಿಯಬಹುದು ಎಂಬ ಸಂಖ್ಯೆ. ಕಂಟ್ರೋಲರಿನ ‘ಬಿಲ್ಟ್-ಇನ್ ನೋಡ್’ಗೆ ಇದನ್ನು 0 ಮಾಡಿ, ಇಲ್ಲದಿದ್ದರೆ ಜೆಂಕಿನ್ಸಿನ ಸೆಟ್ಟಿಂಗು, ಗುಟ್ಟುಗಳೆಲ್ಲ ಇರುವ ಮಷೀನಿನ ಮೇಲೆಯೇ ಯಾರದೋ ಟೆಸ್ಟ್ ಸ್ಕ್ರಿಪ್ಟ್ ಓಡುತ್ತದೆ. 8 ಜಿಬಿ ಏಜೆಂಟಿಗೆ 2 ಸಾಕು. ಮೊದಲ ವಾರ 1 ಇಟ್ಟು, ಎಲ್ಲ ಹಸಿರಾದ ಮೇಲೆ ಏರಿಸಿ. 2 ಮಾಡಿದಾಗ ಮಾತ್ರ ಕಾಣುವ ದೋಷಗಳಿವೆ, ಅವು ಮುಂದಿನ ಹಂತದಲ್ಲಿ ಬರುತ್ತವೆ.

ಹಂತ 6: ಸ್ಕ್ರಿಪ್ಟನ್ನು ತಿದ್ದಿ

ಹೆಚ್ಚು ಹೊತ್ತು ಹಿಡಿಯುವುದು ಇದೇ.

ಮೊದಲು ಲೈಬ್ರರಿಗಳು. ಪ್ರತಿ ಬಿಲ್ಡಿಗೂ ಹೊಸ ವರ್ಚುವಲ್ ಎನ್ವಿರಾನ್ಮೆಂಟ್, ಅಂದರೆ ಆ ಬಿಲ್ಡಿಗಷ್ಟೇ ಸೇರಿದ ಪೈಥಾನ್ ಲೈಬ್ರರಿಗಳ ಫೋಲ್ಡರ್, ಮಾಡಿ. ಆವೃತ್ತಿಗಳನ್ನು ಕಡೆಯ ಅಂಕಿಯವರೆಗೆ ಕಟ್ಟಿಹಾಕಿದ ರಿಕ್ವೈರ್‌ಮೆಂಟ್ಸ್ ಫೈಲಿನಿಂದ ಲೈಬ್ರರಿ ಹಾಕಿ. ಏಜೆಂಟಿಗೆ ಲಾಗಿನ್ ಆಗಿ ಕೈಯಾರೆ ಪಿಪ್ ಇನ್‌ಸ್ಟಾಲ್ ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಹಾಗೆ ಹಾಕಿದ್ದು ಯಾವ ಫೈಲಿನಲ್ಲೂ ಉಳಿಯುವುದಿಲ್ಲ, ಎರಡನೇ ಏಜೆಂಟಿಗೆ ಹಾಕಲು ಯಾರಿಗೂ ನೆನಪಾಗುವುದಿಲ್ಲ.

ಸಾಲಿನ ಕೊನೆ. ವಿಂಡೋಸಿನಲ್ಲಿ ಉಳಿಸಿದ ಶೆಲ್ ಸ್ಕ್ರಿಪ್ಟಿನ ಪ್ರತಿ ಸಾಲಿನ ತುದಿಯಲ್ಲೂ ಕಣ್ಣಿಗೆ ಕಾಣದ ಹೆಚ್ಚುವರಿ ಅಕ್ಷರವೊಂದು ಕೂತಿರುತ್ತದೆ. ಲಿನಕ್ಸ್ ಅದನ್ನೂ ಹೆಸರಿನ ಭಾಗ ಎಂದುಕೊಂಡು ‘ಬ್ಯಾಡ್ ಇಂಟರ್‌ಪ್ರಿಟರ್’ ಎನ್ನುತ್ತದೆ. ಗಿಟ್‌ನ ‘ಗಿಟ್‌ಆಟ್ರಿಬ್ಯೂಟ್ಸ್’ ಫೈಲಿನಲ್ಲಿ ಶೆಲ್ ಸ್ಕ್ರಿಪ್ಟುಗಳಿಗೆ ಸಾಲಿನ ಕೊನೆ ಎಲ್‌ಎಫ್ ಎಂದು ಒಮ್ಮೆ ಬರೆದರೆ ಈ ಕಾಟ ತಪ್ಪುತ್ತದೆ. ‘ಪರ್ಮಿಷನ್ ಡಿನೈಡ್’ ಬಂದರೆ ಫೈಲನ್ನು ಓಡಿಸುವ ಗುರುತು ಗಿಟ್‌ನಲ್ಲಿ ದಾಖಲಾಗಿಲ್ಲ ಎಂದರ್ಥ. ಅದನ್ನು ಗಿಟ್‌ನಲ್ಲೇ ಹಾಕಿ, ಏಜೆಂಟಿನಲ್ಲಿ ಅಲ್ಲ.

ಪೋರ್ಟ್ ಮತ್ತು ಡೇಟಾಬೇಸ್. ಟೆಸ್ಟಿಗಾಗಿ ಸರ್ವರನ್ನು 8000ದಲ್ಲಿ ಎಬ್ಬಿಸಿ ಎಂದು ಸ್ಕ್ರಿಪ್ಟಿನಲ್ಲಿ ಬರೆದಿದ್ದರೆ, ಒಂದೇ ಮಷೀನಿನ ಎರಡು ಎಕ್ಸಿಕ್ಯೂಟರುಗಳು ಒಂದೇ ಬಾಗಿಲಿಗೆ ನುಗ್ಗುತ್ತವೆ. ಜೆಂಕಿನ್ಸ್ ಪ್ರತಿ ಕೆಲಸಕ್ಕೂ ‘ಎಕ್ಸಿಕ್ಯೂಟರ್ ನಂಬರ್’ (ದೊಡ್ಡಕ್ಷರಗಳಲ್ಲಿ, ನಡುವೆ ಅಂಡರ್‌ಸ್ಕೋರ್) ಎಂಬ ವೇರಿಯಬಲ್ ಕೊಡುತ್ತದೆ, ಅದು 0ಯಿಂದ ಶುರು. ಪೋರ್ಟನ್ನು 8000 ಕೂಡಿಸು ಆ ಸಂಖ್ಯೆ ಎಂದು ಲೆಕ್ಕ ಹಾಕಿ, ಅಥವಾ ಪೋರ್ಟ್ 0 ಕೇಳಿ ಖಾಲಿ ಇರುವುದನ್ನು ಸಿಸ್ಟಮ್ಮೇ ಕೊಡಲಿ. ಏಜೆಂಟುಗಳೆಲ್ಲ ಹಂಚಿಕೊಳ್ಳುವ ಡೇಟಾಬೇಸ್ ಸರ್ವರ್ ಇದ್ದರೆ ನೋಡ್ ಹೆಸರು, ಎಕ್ಸಿಕ್ಯೂಟರ್ ಸಂಖ್ಯೆ ಎರಡನ್ನೂ ಡೇಟಾಬೇಸಿನ ಹೆಸರಿಗೆ ಸೇರಿಸಿ. ಇಲ್ಲದಿದ್ದರೆ ಒಂದು ಟೆಸ್ಟ್ ಬರೆದ ಹಾಲಿನ ಲೆಕ್ಕವನ್ನು ಇನ್ನೊಂದು ಅಳಿಸುತ್ತದೆ. ದಿನಕ್ಕೊಂದು ಟೆಸ್ಟ್ ಸುಮ್ಮಸುಮ್ಮನೆ ಫೇಲಾಗುತ್ತಿದೆ ಅನ್ನಿಸಿದರೆ ಮೊದಲು ಇದನ್ನೇ ಅನುಮಾನಿಸಿ.

ಇನ್ನು ಎಕ್ಸಿಟ್ ಕೋಡ್, ಅಂದರೆ ಓಟ ಮುಗಿದಾಗ ಪ್ರೋಗ್ರಾಮ್ ಹಿಂತಿರುಗಿಸುವ ಅಂಕಿ. ಪೈಟೆಸ್ಟಿನಲ್ಲಿ 0 ಎಂದರೆ ಎಲ್ಲ ಪಾಸ್, 1 ಎಂದರೆ ಕೆಲವು ಫೇಲ್, 2 ಎಂದರೆ ಓಟ ನಡುವೆ ಕಡಿದಿದೆ, 3 ಎಂದರೆ ಪೈಟೆಸ್ಟಿನ ಒಳಗೇ ದೋಷ, 4 ಎಂದರೆ ಆದೇಶ ತಪ್ಪಾಗಿದೆ, 5 ಎಂದರೆ ಒಂದು ಟೆಸ್ಟೂ ಸಿಕ್ಕಿಲ್ಲ. ಬಿಲ್ಡ್ ಕೆಂಪಾಗದಿರಲಿ ಎಂದು ಆದೇಶದ ಕೊನೆಗೆ ‘ಅಥವಾ ಟ್ರೂ’ (ಎರಡು ಲಂಬ ಗೆರೆ, ಆಮೇಲೆ ಟ್ರೂ; ಏನೇ ಆದರೂ 0 ಕೊಡು ಎಂದರ್ಥ) ಅಂಟಿಸುವವರು 5ನ್ನೂ ನುಂಗುತ್ತಾರೆ. ಫೋಲ್ಡರ್ ಹೆಸರು ಬದಲಾಗಿ ಒಂದು ಟೆಸ್ಟೂ ಓಡದಿದ್ದರೂ ತಿಂಗಳುಗಟ್ಟಲೆ ಹಸಿರು ದೀಪ. 1 ಬಂದರೆ ವರದಿ ಹೇಳಲಿ ಎಂದು ಮುಂದೆ ಬಿಡಿ, 2ರಿಂದ 5 ಬಂದರೆ ಬಿಲ್ಡನ್ನೇ ಬೀಳಿಸಿ.

ಲಾಗ್ ಉಳಿಸಲು ಪೈಟೆಸ್ಟಿನ ಔಟ್‌ಪುಟ್ಟನ್ನು ಫೈಲಿಗೂ ಪರದೆಗೂ ಬರೆಯುವ ‘ಟೀ’ ಆದೇಶಕ್ಕೆ ಪೈಪ್ ಮಾಡುವುದೂ ಇದೇ ಜಾತಿಯ ತಪ್ಪು. ಆಗ ಜೆಂಕಿನ್ಸಿಗೆ ಸಿಗುವುದು ಟೀ ಕೊಟ್ಟ 0. ಸ್ಕ್ರಿಪ್ಟಿನಲ್ಲಿ ‘ಪೈಪ್‌ಫೇಲ್’ ಆನ್ ಮಾಡಿ, ಮೊದಲ ಸಾಲಿನಲ್ಲಿ ಬ್ಯಾಷ್ ಬೇಕೆಂದು ಸ್ಪಷ್ಟವಾಗಿ ಕೇಳಿ. ಉಬುಂಟುವಿನಲ್ಲಿ ಬರೀ ‘ಎಸ್‌ಎಚ್’ ಎಂದರೆ ಸಿಗುವುದು ಡ್ಯಾಷ್, ಬ್ಯಾಷ್ ಅಲ್ಲ.

ಡಾಕರ್ ಎಂಬ ಟೂಲಿನ ಕಂಟೇನರ್ (ಪ್ರತ್ಯೇಕಿಸಿದ ಪರಿಸರ) ಒಳಗೆ ಕ್ರೋಮ್ ಓಡಿಸುವವರಿಗೆ ಒಂದು ಮಾತು. ಕಂಟೇನರಿಗೆ ಸಿಗುವ ಹಂಚಿಕೆಯ ಮೆಮೊರಿ ತಾನಾಗಿ ಬಿಟ್ಟರೆ 64 ಎಂಬಿ ಮಾತ್ರ. ದೊಡ್ಡ ಪುಟ ತೆರೆದ ತಕ್ಷಣ ಟ್ಯಾಬ್ ಕುಸಿಯುತ್ತದೆ. ಶುರುಮಾಡುವಾಗಲೇ ‘ಎಸ್‌ಎಚ್‌ಎಂ-ಸೈಜ್’ 2 ಜಿಬಿ ಎಂದು ಕೊಡಿ.

ಹಂತ 7: ಕನ್ನಡ ಮತ್ತು ಗಡಿಯಾರ

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇದು ಸಿಗುವುದಿಲ್ಲ, ನಮ್ಮ ಕೆಲಸಕ್ಕೆ ಮಾತ್ರ ಬೇಕೇ ಬೇಕು.

ವಿಂಡೋಸಿನಲ್ಲಿ ಪೈಥಾನ್ ಫೈಲು ತೆರೆಯುವಾಗ ಎನ್‌ಕೋಡಿಂಗ್ ಹೇಳದಿದ್ದರೆ ಸಿಸ್ಟಮ್ಮಿನ ಹಳೆಯ ಸಂಕೇತ ಪಟ್ಟಿಯನ್ನು ಬಳಸುತ್ತದೆ. ಅದರಲ್ಲಿ ಕನ್ನಡ ಇಲ್ಲ. ಲಿನಕ್ಸಿನಲ್ಲಿ ಸರಿಯಾಗಿ ಓದಿದ ರೈತರ ಪಟ್ಟಿ ಇಲ್ಲಿ ‘ಚಾರ್‌ಮ್ಯಾಪ್’ ದೋಷ ಕೊಡುತ್ತದೆ, ಇಲ್ಲವೇ ಅಕ್ಷರಗಳು ಕಲಸುಮೇಲೋಗರ ಆಗುತ್ತವೆ. ವಿಂಡೋಸ್ ನೋಡಿನ ವೇರಿಯಬಲ್‌ಗಳಲ್ಲಿ ‘ಪೈಥಾನ್‌ಯುಟಿಎಫ್8’ ಎಂಬುದಕ್ಕೆ 1 ಕೊಡಿ. ಈ ಹೆಸರೂ ಪೂರ್ತಿ ದೊಡ್ಡಕ್ಷರಗಳಲ್ಲಿರಬೇಕು. ಲಿನಕ್ಸ್ ಏಜೆಂಟುಗಳಲ್ಲಿ ಲೊಕೇಲ್ ‘ಸಿ ಡಾಟ್ ಯುಟಿಎಫ್-8’ ಇರಲಿ. ಎರಡರಲ್ಲೂ ಒಂದೇ ಇರುವುದು ಮುಖ್ಯ, ಯಾಕೆಂದರೆ ಲೊಕೇಲ್ ಬದಲಾದರೆ ವಿಂಗಡಣೆಯ ಕ್ರಮವೂ ಬದಲಾಗುತ್ತದೆ.

ಮುಂದಿನದು ಸೂಕ್ಷ್ಮ. ‘ಮೈಸೂರು’ ಪದ ಯುನಿಕೋಡ್‌ನಲ್ಲಿ ಎರಡು ರೀತಿ ಕೂರಬಹುದು. ಐತ್ವ ಒಂದೇ ಸಂಕೇತವಾಗಿದ್ದರೆ ಪದದ ಉದ್ದ 6, ಎತ್ವ ಮತ್ತು ಐತ್ವದ ಬಾಲ ಎಂದು ಒಡೆದಿದ್ದರೆ 7. ಪರದೆಯ ಮೇಲೆ ಎರಡೂ ಒಂದೇ. ಹೋಲಿಸುವ ಟೆಸ್ಟಿಗೆ ಮಾತ್ರ ಬೇರೆ ಬೇರೆ. ಹಳೆಯ ಮ್ಯಾಕ್ ಫೈಲ್ ವ್ಯವಸ್ಥೆ ಫೈಲ್ ಹೆಸರುಗಳನ್ನು ಒಡೆದ ರೂಪದಲ್ಲೇ ಇಡುತ್ತಿತ್ತು, ಅಲ್ಲಿಂದ ಬಂದ ಡೇಟಾ ಇನ್ನೂ ಓಡಾಡುತ್ತಿದೆ. ತಾಲ್ಲೂಕಿನ ಹೆಸರಿಟ್ಟ ಫೈಲುಗಳಿದ್ದರೆ ಫಲಿತಾಂಶ ವಿಚಿತ್ರವಾಗಿರುತ್ತದೆ. ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ, ನಾಗಮಂಗಲ, ಪಾಂಡವಪುರ ಐದೂ ಪಾಸ್. ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ ಎರಡು ಫೇಲ್. ಮೊದಲನೆಯದರಲ್ಲಿ ‘ಶ್ರೀ’ಯ ದೀರ್ಘ, ಎರಡನೆಯದರಲ್ಲಿ ‘ಪೇ’ಯ ಏತ್ವ ಒಡೆಯುವಂಥವು, ಉಳಿದ ಐದು ಹೆಸರುಗಳಲ್ಲಿ ಅಂಥ ಸ್ವರಚಿಹ್ನೆಯೇ ಇಲ್ಲ. ಹೋಲಿಸುವ ಮುಂಚೆ ಎರಡೂ ಕಡೆಯ ಪಠ್ಯವನ್ನು ಪೈಥಾನಿನ ‘ಯುನಿಕೋಡ್‌ಡೇಟಾ’ ಮಾಡ್ಯೂಲಿನಿಂದ ಎನ್‌ಎಫ್‌ಸಿ ಎಂಬ ಒಡೆಯದ ರೂಪಕ್ಕೆ ತನ್ನಿ. ಫೈಲುಗಳ ಹೆಸರನ್ನು ಇಂಗ್ಲಿಷಿನಲ್ಲೇ ಇಟ್ಟುಬಿಡಿ. ಅಭಿಮಾನ ಫೈಲಿನ ಒಳಗಿರಲಿ.

ಚೀಟಿಯ ಚಿತ್ರವನ್ನು ಹೋಲಿಸುವ ಟೆಸ್ಟಿದ್ದರೆ ಎಲ್ಲ ಲಿನಕ್ಸ್ ಏಜೆಂಟುಗಳಲ್ಲೂ ಒಂದೇ ಕನ್ನಡ ಫಾಂಟ್ ಇರಬೇಕು. ನೋಟೊ ಸ್ಯಾನ್ಸ್ ಕನ್ನಡ ಸಾಕು. ಫಾಂಟಿಲ್ಲದ ಮಷೀನಿನಲ್ಲಿ ಚೀಟಿಯ ತುಂಬ ಚೌಕಗಳು ಬರುತ್ತವೆ, ಬೇರೆ ಫಾಂಟಿದ್ದರೆ ಒತ್ತಕ್ಷರಗಳ ಅಳತೆ ಬದಲಾಗುತ್ತದೆ. ವಿಂಡೋಸಿನ ಚಿತ್ರವನ್ನು ಲಿನಕ್ಸಿನ ಚಿತ್ರದ ಜೊತೆ ಹೋಲಿಸಲೇಬೇಡಿ, ಮೂಲ ಚಿತ್ರಗಳನ್ನು ಎರಡಕ್ಕೂ ಬೇರೆ ಇಡಿ.

ಗಡಿಯಾರ. ಒಂದು ಏಜೆಂಟ್ ಯುಟಿಸಿಯಲ್ಲಿ (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ), ಇನ್ನೊಂದು ಭಾರತದ ಸಮಯದಲ್ಲಿ ಇದ್ದರೆ ನಡುರಾತ್ರಿಯಿಂದ ಬೆಳಗಿನ 5:30ರವರೆಗೆ ಎರಡರ ತಾರೀಖೇ ಬೇರೆ. ಹಗಲೆಲ್ಲ ಪಾಸಾಗುವ ‘ಇವತ್ತಿನ ಚೀಟಿ’ ಟೆಸ್ಟ್ ರಾತ್ರಿ 2 ಗಂಟೆಯ ಬಿಲ್ಡಿನಲ್ಲಿ ಮಾತ್ರ ಬೀಳುವುದು ಇದಕ್ಕೇ. ಟೈಮ್‌ಝೋನನ್ನು ‘ಏಷ್ಯಾ, ಕೋಲ್ಕತಾ’ ಎಂದು ಸ್ಕ್ರಿಪ್ಟಿನಲ್ಲೇ ಹೊಂದಿಸಿ, ಮಷೀನಿನ ಸೆಟ್ಟಿಂಗನ್ನು ನೆಚ್ಚಬೇಡಿ.

ಹಂತ 8: ಪೈಪ್‌ಲೈನ್ ಬರೆಯಿರಿ

ಜೆಂಕಿನ್ಸ್‌ಫೈಲ್ ಎಂಬ ಪೈಪ್‌ಲೈನ್ ಫೈಲು ರೆಪೊಸಿಟರಿಯಲ್ಲೇ ಇರಲಿ. ಬಿಲ್ಡ್ ಒಂದೇ ಸಲ, ಒಂದೇ ಏಜೆಂಟಿನಲ್ಲಿ ಆಗಲಿ. ಆದದ್ದನ್ನು ‘ಸ್ಟ್ಯಾಶ್’ ಮಾಡಿ (ತೆಗೆದಿಟ್ಟು) ಉಳಿದ ಕಡೆ ‘ಅನ್‌ಸ್ಟ್ಯಾಶ್’ ಮಾಡಿ. ಪ್ರತಿ ಮಷೀನಿನಲ್ಲೂ ಹೊಸದಾಗಿ ಬಿಲ್ಡ್ ಮಾಡಿದರೆ ಒಂದೊಂದು ಕಡೆ ಒಂದೊಂದು ವಸ್ತುವನ್ನು ಪರೀಕ್ಷಿಸಿದಂತೆ. ಸ್ಟ್ಯಾಶ್ ಸಣ್ಣ ಫೈಲುಗಳಿಗೆ ಸರಿ, ನೂರಾರು ಎಂಬಿ ಆದರೆ ಹಂಚಿಕೆಯ ಡಿಸ್ಕ್ ಬಳಸಿ. ‘ಮ್ಯಾಟ್ರಿಕ್ಸ್’ ಬ್ಲಾಕಿನಲ್ಲಿ ಲೇಬಲ್‌ಗಳನ್ನು ಕೊಟ್ಟರೆ ಲಿನಕ್ಸ್, ವಿಂಡೋಸ್ ಎರಡೂ ಏಕಕಾಲಕ್ಕೆ ಓಡುತ್ತವೆ. 30 ನಿಮಿಷದ ಟೈಮ್‌ಔಟ್ ಹಾಕಿ, ಸಿಕ್ಕಿಕೊಂಡ ಬ್ರೌಸರ್ ರಾತ್ರಿಯಿಡೀ ಏಜೆಂಟನ್ನು ಹಿಡಿದಿಡಬಾರದು.

ಪ್ರತಿ ಓಟದ ಮೊದಲ ಸಾಲು ಹಂತ 1ರ ಜಾತಕ. ಎರಡನೆಯದು ಹಳೆಯ ವರದಿಗಳ ಫೋಲ್ಡರ್ ಅಳಿಸುವುದು. ಇದನ್ನು ಬಿಟ್ಟರೆ ಹೊಸ ವರದಿ ಹುಟ್ಟದ ದಿನ ಜೆಂಕಿನ್ಸ್, ವರದಿಗಳಿವೆ, ಆದರೆ ಯಾವುದೂ ಹೊಸದಲ್ಲ ಎಂದು ಗೊಣಗುತ್ತದೆ. ಜೆಯೂನಿಟ್ ವರದಿ (ಟೆಸ್ಟ್ ಫಲಿತಾಂಶಗಳ ಫೈಲು) ಓದುವ ಸಾಲನ್ನು ‘ಪೋಸ್ಟ್’ ಒಳಗಿನ ‘ಆಲ್ವೇಸ್’ನಲ್ಲೇ ಇಡಿ, ಬಿಲ್ಡ್ ಬಿದ್ದಾಗಲೂ ಅದು ಓದಬೇಕು. ಆಗ ಟೆಸ್ಟ್ ಫೇಲಾದರೆ ಹಳದಿ, ಸ್ಕ್ರಿಪ್ಟೇ ಬಿದ್ದರೆ ಕೆಂಪು. ಹಳೆಯ ಬಿಲ್ಡುಗಳಲ್ಲಿ 30 ಉಳಿಸಿಕೊಂಡರೆ ಸಾಕು. ಏಜೆಂಟಿನ ಖಾಲಿ ಡಿಸ್ಕ್ 1 ಜಿಬಿಗಿಂತ ಇಳಿದರೆ ಜೆಂಕಿನ್ಸ್ ಆ ಏಜೆಂಟನ್ನೇ ಆಫ್‌ಲೈನ್ ಮಾಡುತ್ತದೆ.

ಹಂತ 9: ಒಂದೇ ಮಷೀನಿನಲ್ಲಿ ಫೇಲಾದರೆ

ಕೋಡ್ ಮುಟ್ಟಬೇಡಿ, ತಾನಾಗಿ ಮತ್ತೆ ಓಡಿಸುವ ‘ರೀಟ್ರೈ’ಯನ್ನೂ ಹಾಕಬೇಡಿ. ಅದೇ ಕಮಿಟ್ಟನ್ನು (ಗಿಟ್‌ನಲ್ಲಿ ದಾಖಲಾದ ಅದೇ ಕೋಡನ್ನು) ಇನ್ನೊಂದು ಏಜೆಂಟಿನಲ್ಲಿ ಓಡಿಸಿ. ಅಲ್ಲೂ ಫೇಲಾದರೆ ದೋಷ ಕೋಡಿನದು. ಪಾಸಾದರೆ ಎರಡು ಲಾಗುಗಳ ಆರಂಭದಲ್ಲಿರುವ ಜಾತಕಗಳನ್ನು ಡಿಫ್ ಮಾಡಿ. ಅಲ್ಲೂ ವ್ಯತ್ಯಾಸ ಕಾಣದಿದ್ದರೆ ಎಕ್ಸಿಕ್ಯೂಟರ್ 1ಕ್ಕೆ ಇಳಿಸಿ ನೋಡಿ. ಆಗ ಪಾಸಾದರೆ ಪೋರ್ಟ್, ಡೇಟಾಬೇಸ್ ಅಥವಾ ತಾತ್ಕಾಲಿಕ ಫೈಲಿನ ಜಗಳ. ಕಾರಣ ಸಿಕ್ಕ ಮೇಲೆ ಆ ಅಂಶ ಜಾತಕದಲ್ಲಿ ಇಲ್ಲದಿದ್ದರೆ ಹೊಸ ಸಾಲಾಗಿ ಸೇರಿಸಿ.

ಎಲ್ಲ ಓಡಲು ಶುರುವಾದ ದಿನವೇ ಕಂಟ್ರೋಲರಿನ ಜೆಂಕಿನ್ಸ್ ಹೋಮ್ ಫೋಲ್ಡರಿನ ಬ್ಯಾಕಪ್ ತೆಗೆಯಿರಿ. ಅದರೊಳಗಿನ ‘ಸೀಕ್ರೆಟ್ಸ್’ ಫೋಲ್ಡರಿನಲ್ಲಿ ‘ಮಾಸ್ಟರ್ ಡಾಟ್ ಕೀ’ ಎಂಬ ಫೈಲಿದೆ. ಅದಿಲ್ಲದೆ ಉಳಿಸಿಟ್ಟ ಪಾಸ್‌ವರ್ಡು, ಕೀಲಿಗಳನ್ನು ಬ್ಯಾಕಪ್ಪಿನಿಂದ ಬಿಡಿಸಲು ಬರುವುದಿಲ್ಲ. ಆ ಒಂದು ಫೈಲನ್ನು ಉಳಿದ ಬ್ಯಾಕಪ್ಪಿನ ಜೊತೆ ಸೇರಿಸದೆ ಬೇರೆ ಜಾಗದಲ್ಲಿ, ಬೇರೆ ಡಿಸ್ಕಿನಲ್ಲಿ ಇಡಿ.